ಗೋಣು ನೋವು, ಎಡಗೈ ಬೆರಳು ಜೋಮು, ಚೀಟಿಯಲ್ಲಿ 44% ಅಂತ ಬರೆದಿದ್ದಾರೆ. ಡಿಟಿಪಿ ಕೆಲಸ ಬಿಡಬೇಕಾ?

ಅಕ್ಷರ_ಗದಗ

ಎಲ್ಲರಿಗೂ ನಮಸ್ಕಾರ. ನಾನು ಗದಗದ ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಕಟ್ಟುವ ಕೆಲಸ, ಮಾಡುತ್ತೇನೆ. ವಯಸ್ಸು 43, ಈ ಕೆಲಸಕ್ಕೆ ಸೇರಿದ್ದು 2005ರಲ್ಲಿ. ನಮ್ಮೂರಿಗೆ ಮುದ್ರಣ ಕಾಶಿ ಅಂತ ಹೆಸರಿದೆ, ನನ್ನಂಥವರು ಓಣಿಗೊಬ್ಬರು ಸಿಗುತ್ತಾರೆ. ಲಗ್ನಪತ್ರಿಕೆ, ಮಠದ ಪುರಾಣ, ಸೊಸೈಟಿಯ ವಾರ್ಷಿಕ ವರದಿ, ನಿವೃತ್ತ ಮಾಸ್ತರರ ಆತ್ಮಕಥೆ, ಎಲ್ಲ ನನ್ನ ಕೈಯಲ್ಲಿ ಹಾದುಹೋಗಿವೆ. ದಿನಕ್ಕೆ ಎಂಟು ತಾಸು ಕೂಡುತ್ತೇನೆ, ಲಗ್ನದ ಸೀಜನ್ನಿನಲ್ಲಿ ಹತ್ತಾಗುತ್ತದೆ.

ತೊಂದರೆ ಮೊದಲು ಕಣ್ಣಿಗೆ ಬಿದ್ದದ್ದು ಕರಡಿನ ಹಾಳೆಯಲ್ಲಿ. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಗೊತ್ತಿರುತ್ತದೆ, ಒತ್ತಕ್ಷರ ಬರಬೇಕಾದರೆ ಎರಡು ಅಕ್ಷರದ ನಡುವೆ ಎಫ್ ಕೀಲಿ ಒತ್ತಬೇಕು. ಅದು ಎಡಗೈ ತೋರುಬೆರಳಿನ ಪಾಲಿನ ಕೀಲಿ. ಒತ್ತಕ್ಷರ ಇಲ್ಲದ ಸಾಲು ಕನ್ನಡದಲ್ಲಿ ಅಪರೂಪ. ಹಾಗಾಗಿ ದಿನಕ್ಕೆ ಎಷ್ಟು ಸಾವಿರ ಸಲ ಆ ಬೆರಳು ಕೆಳಗೆ ಹೋಗಿ ಬರುತ್ತದೋ ನಾನು ಎಣಿಸಿಲ್ಲ. ಕಳೆದ ದೀಪಾವಳಿಯ ಮುಂದೆ ಒಂದು ಪುಸ್ತಕದ ಕೆಲಸ ನಡೆದಿತ್ತು. ಕರಡು ತಿದ್ದುವ ಮಾಸ್ತರರು ಹಾಳೆ ತಂದು ನನ್ನ ಮುಂದೆ ಹರವಿದರು. "ಏನ್ರೀ ಅಕ್ಕಾರ, ಈ ಸಲ ಒತ್ತು ಎಲ್ಲಾ ಎಲ್ಲಿ ಹೋದ್ವು?" ಅಂದರು. ನೋಡಿದರೆ ಅಮ್ಮ ಅಂತ ಇರಬೇಕಾದಲ್ಲಿ ಅಮಮ, ಸತ್ಯ ಇರಬೇಕಾದಲ್ಲಿ ಸತಯ, ಕನ್ನಡ ಅನ್ನುವುದು ಕನನಡ. ಒಂದೇ ಪುಟದಲ್ಲಿ ಹದಿನಾಲ್ಕು ಕೆಂಪು ಗುರುತು. ಇಷ್ಟು ವರ್ಷದಲ್ಲಿ ನನ್ನ ಕರಡು ಹೀಗೆ ಬಂದದ್ದಿಲ್ಲ. ಅವತ್ತು ಕೀಲಿಮಣೆಯ ಮೇಲೆ ಬೆರಳಿಟ್ಟು ನೋಡಿಕೊಂಡೆ. ಎಫ್ ಮೇಲೆ ಒಂದು ಸಣ್ಣ ಉಬ್ಬುಗೆರೆ ಇರುತ್ತದಲ್ಲ, ನೋಡದೆಯೇ ಬೆರಳಿಗೆ ಜಾಗ ಗೊತ್ತಾಗಲಿ ಅಂತ, ಆ ಗೆರೆ ನನ್ನ ಎಡ ತೋರುಬೆರಳಿಗೆ ತಾಗುತ್ತಲೇ ಇರಲಿಲ್ಲ. ಬಲಗೈಗೆ ಜೆ ಮೇಲಿನ ಗೆರೆ ಸರಿಯಾಗಿ ತಾಗುತ್ತಿತ್ತು.

ಗೋಣು ನೋವು ಅದಕ್ಕೂ ಎರಡು ವರ್ಷ ಮೊದಲಿನಿಂದ ಇತ್ತು. ಕೂತು ಕೆಲಸ ಮಾಡುವವರಿಗೆ ಇದ್ದದ್ದೇ ಅಂತ ಬಿಟ್ಟಿದ್ದೆ. ಎಡ ಹೆಗಲಿನ ಮೇಲುಗಡೆ, ರಟ್ಟೆಯ ಹಿಂದೆ ಸೆಳೆತ, ಅಲ್ಲಿಂದ ಮೊಣಕೈ ದಾಟಿ ಹೆಬ್ಬೆರಳು, ತೋರುಬೆರಳಿಗೆ ಜುಂ ಅಂತ ಇಳಿಯುತ್ತದೆ. ಈಗ ಮಗಳಿಗೆ ಜಡೆ ಹಾಕುವಾಗ ಎರಡು ಸಲ ಕೈ ಇಳಿಸಬೇಕು. ರೊಟ್ಟಿ ಬಡಿಯುವಾಗ ನಾಲ್ಕನೆಯದಕ್ಕೇ ಹೆಗಲು ಕಲ್ಲಾಗುತ್ತದೆ. ಸ್ಕೂಟಿಯಲ್ಲಿ ಹಿಂದೆ ತಿರುಗಿ ನೋಡಲು ಆಗದೆ ಒಂದು ದಿನ ಹಿಂದಿನಿಂದ ಬಂದ ಟಂಟಂ ತಾಗಿತ್ತು, ದೇವರು ದೊಡ್ಡವನು, ಅವತ್ತಿನಿಂದ ಸ್ಕೂಟಿ ಬಿಟ್ಟು ನಡೆದೇ ಹೋಗುತ್ತೇನೆ. ರಾತ್ರಿ ಎಡಗೈಯನ್ನು ತಲೆಯ ಮೇಲೆ ಇಟ್ಟುಕೊಂಡು ಮಲಗಿದರೆ ಮಾತ್ರ ಸ್ವಲ್ಪ ಹಾಯೆನಿಸುತ್ತದೆ. ನಮ್ಮ ಅತ್ತೆ ನೋಡಿದಾಗಲೆಲ್ಲ "ತಲಿ ಮ್ಯಾಲೆ ಕೈ ಹೊತ್ತು ಮಲಗಬಾರ್ದವಾ, ಮನಿಗೆ ಛಲೋ ಅಲ್ಲ" ಅನ್ನುತ್ತಾರೆ. ಅವರ ಮುಂದೆ ಇಳಿಸುತ್ತೇನೆ, ಅವರು ಹೋದ ಮೇಲೆ ಮತ್ತೆ ಇಡುತ್ತೇನೆ.

ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ, ಎಣ್ಣೆ, ಬಿಸಿನೀರಿನ ಚೀಲ ಎಲ್ಲ ಆಯಿತು. ಕುತ್ತಿಗೆ ಪಟ್ಟಿ ಅಂತ ಒಂದನ್ನು ಅವರೇ ಕೊಟ್ಟರು, ಮೂರು ವಾರ ಇಡೀ ದಿನ ಹಾಕಿಕೊಂಡೆ. ತೆಗೆದ ದಿನ ತಲೆ ಹೊರುವುದೇ ಕಷ್ಟವಾಯಿತು. ಕೊನೆಗೆ ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದೆವು. ಸಿ5–ಸಿ6 ಡಿಸ್ಕ್ (ಕುತ್ತಿಗೆಯ ಐದನೆಯ, ಆರನೆಯ ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ, ಎಡಗಡೆಯ ನರಕ್ಕೆ ತಾಗುತ್ತಿದೆ, ಸಿ6–ಸಿ7 ಕೂಡ ಸ್ವಲ್ಪ ಉಬ್ಬಿದೆ, ಮೂಳೆಗಳು ಸವೆದಿವೆ, ಕುತ್ತಿಗೆಯ ಸಹಜ ಬಾಗು ಕಡಿಮೆಯಾಗಿದೆ ಅಂತ ಬರೆದಿದ್ದಾರೆ. ಮಗ ಅದನ್ನು ಓದಿ ಹೇಳಿದಾಗ ಮನೆಯವರು ಊಟ ಬಿಟ್ಟು ಎದ್ದರು. ಡಾಕ್ಟರು ಈಗ ಆಪರೇಷನ್ ಬೇಡ, ಫಿಸಿಯೋಥೆರಪಿ ಮಾಡಿಸಿ ಅಂದಿದ್ದಾರೆ.

ಫಿಸಿಯೋ ಹುಡುಗಿ ಇಂಗ್ಲಿಷಿನ ಒಂದು ಫಾರ್ಮು ಇಟ್ಟುಕೊಂಡು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ತುಂಬಿದಳು. ನೋವು ಎಷ್ಟು, ಸ್ನಾನ ಮಾಡಿಕೊಳ್ಳಲು ಆಗುತ್ತದಾ, ಭಾರ ಎತ್ತುತ್ತೀರಾ, ಓದಲು, ನಿದ್ದೆ ಮಾಡಲು ಆಗುತ್ತದಾ ಅಂತ. ಕಾರು ಓಡಿಸುವ ಪ್ರಶ್ನೆಗೆ ಗೆರೆ ಎಳೆದು ಬಿಟ್ಟಳು. ಕೆಳಗೆ 20/45, 44% ಡಿಸೆಬಿಲಿಟಿ ಅಂತ ಬರೆದಳು. ಇದನ್ನು ನೋಡಿದ ನಮ್ಮ ಭಾವನವರು, 40ಕ್ಕಿಂತ ಮೇಲಿದ್ದರೆ ಅಂಗವಿಕಲ ಪ್ರಮಾಣಪತ್ರ ಸಿಗುತ್ತದೆ, ಪಿಂಚಣಿಗೆ ಹಾಕೋಣ, ಕೆಲಸ ಬಿಟ್ಟುಬಿಡು ಅನ್ನುತ್ತಿದ್ದಾರೆ. ಪ್ರೆಸ್ ಮಾಲಕರಿಗೆ ಸ್ವಲ್ಪ ದಿನ ಕೆಲಸ ಕಡಿಮೆ ಕೊಡಿ ಅಂದಿದ್ದಕ್ಕೆ, "ನಿಮಗ ಆಗೂದಿಲ್ಲಂದ್ರ ಹೇಳ್ರಿ, ಬ್ಯಾರೆ ಹುಡುಗಿ ನೋಡ್ತೀನಿ" ಅಂದುಬಿಟ್ಟರು. ಹತ್ತೊಂಬತ್ತು ವರ್ಷ ದುಡಿದ ಜಾಗದಲ್ಲಿ ಆ ಮಾತು ಕೇಳಿ ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ನನಗೆ ಪುಟದ ಲೆಕ್ಕದ ಕೂಲಿ, ಎದ್ದು ಹೋದ ಹೊತ್ತಿಗೆ ದುಡ್ಡಿಲ್ಲ.

ನಾನು ನಿಜವಾಗಿ ಅಂಗವಿಕಲಳಾದೆನಾ? ಈ ಬೆರಳು ಮತ್ತೆ ಮೊದಲಿನಂತೆ ಆಗುತ್ತದಾ? ಈ ಕೆಲಸ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಬಿಡುವ ಮನಸ್ಸೂ ಇಲ್ಲ. ತಿಳಿದವರು ದಯವಿಟ್ಟು ಹೇಳಿ.

ಫಿಸಿಯೋ_ದಾವಣಗೆರೆ

ಅಕ್ಕ, ನಾನು ಹನ್ನೆರಡು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ನಿಮ್ಮನ್ನು ಮುಟ್ಟಿ ನೋಡಿಲ್ಲ, ಆದ್ದರಿಂದ ನಿಮ್ಮ ಡಾಕ್ಟರ ಮಾತೇ ಮೇಲು. ಆದರೂ ನೀವು ಬರೆದಷ್ಟು ವಿವರವಾಗಿ ಯಾರೂ ಹೇಳುವುದಿಲ್ಲ, ಅದಕ್ಕೆ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಇದನ್ನು ನೋಡಿಕೊಳ್ಳಿ. ರವಿಕೆಯ ಗುಂಡಿ, ಹುಕ್ಕು ಹಾಕಲು ಎರಡೂ ಕೈ ತಡವರಿಸುತ್ತಿವೆಯಾ? ನಡೆಯುವಾಗ ಕಾಲು ತೂರಾಡುತ್ತದಾ, ಚಪ್ಪಲಿ ಜಾರಿಹೋದದ್ದು ಗೊತ್ತಾಗದೆ ಮುಂದೆ ಹೋಗುತ್ತೀರಾ? ಮೂತ್ರ ಹಿಡಿತ ತಪ್ಪುತ್ತಿದೆಯಾ? ಕೈಯ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತಿದೆಯಾ? ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದೆಯಾ? ಇವುಗಳಲ್ಲಿ ಒಂದಿದ್ದರೂ ಇಲ್ಲಿ ಓದುತ್ತಾ ಕೂಡಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ. ಅದು ಒಂದು ನರದ ಮಾತಲ್ಲ, ಬೆನ್ನುಹುರಿಗೇ ಒತ್ತಡ ಬಿದ್ದಿರಬಹುದು.

ಅವು ಯಾವುವೂ ಇಲ್ಲ ಅಂದುಕೊಂಡು ಮುಂದೆ ಹೇಳುತ್ತೇನೆ. ಹೆಬ್ಬೆರಳು, ತೋರುಬೆರಳಿಗೆ ಹೋಗುವುದು ಆರನೆಯ ಕುತ್ತಿಗೆ ನರದ ದಾರಿ. ಸಿ5–ಸಿ6 ನಡುವಿನ ಕಿಂಡಿಯಿಂದ ಹೊರಬರುವುದು ಅದೇ ನರ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡರೂ ಇದೇ ಬೆರಳುಗಳು ಜೋಮು ಹಿಡಿಯುತ್ತವೆ, ಟೈಪ್ ಮಾಡುವವರಲ್ಲಿ ಅದನ್ನೂ ನೋಡುತ್ತೇವೆ. ಆದರೆ ಅವರು ರಾತ್ರಿ ಎದ್ದು ಕೈ ಕೊಡವುತ್ತಾರೆ. ನೀವು ಕೈಯನ್ನು ತಲೆಯ ಮೇಲೆ ಇಡುತ್ತೀರಿ. ಕೈ ಮೇಲೆ ಹೋದಾಗ ಕುತ್ತಿಗೆಯ ನರದ ಮೇಲಿನ ಎಳೆತ ಸಡಿಲವಾಗುತ್ತದೆ. ನಾವು ಪರೀಕ್ಷೆ ಮಾಡುವಾಗ ರೋಗಿಗೆ ಹಾಗೆ ಇಡಿಸಿಯೇ ನೋಡುತ್ತೇವೆ. ಅತ್ತೆಯವರಿಗೆ ಇದನ್ನು ತಿಳಿಸಿ ಹೇಳಿ, ನಿಮ್ಮ ಮೈ ತಾನಾಗಿ ಕಂಡುಕೊಂಡ ಉಪಾಯ ಅದು. ಧಾರಾಳವಾಗಿ ಹಾಗೇ ಮಲಗಿ.

44% ಬಗ್ಗೆ. ಆ ಫಾರ್ಮಿನ ಹೆಸರು ನೆಕ್ ಡಿಸೆಬಿಲಿಟಿ ಇಂಡೆಕ್ಸ್. ಕೆನಡಾದ ಹೊವಾರ್ಡ್ ವೆರ್ನನ್, ಸಿಲ್ವಾನೊ ಮಿಯೋರ್ ಎಂಬಿಬ್ಬರು 1991ರಲ್ಲಿ ಪ್ರಕಟಿಸಿದ್ದು, ಕುತ್ತಿಗೆ ನೋವಿಗೆ ಎಲ್ಲ ಕಡೆ ಬಳಸುತ್ತಾರೆ. ಹತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 5 ಅಂಕ, ಒಟ್ಟು 50. ವಾಹನದ ಪ್ರಶ್ನೆ ಬಿಟ್ಟದ್ದಕ್ಕೆ ನಿಮ್ಮದು 45ಕ್ಕೆ ಬಂತು. 50ರ ಲೆಕ್ಕದಲ್ಲಿ 5ರಿಂದ 14 ಬಂದರೆ ಅಲ್ಪ, 15ರಿಂದ 24 ಮಧ್ಯಮ, 25ರಿಂದ 34 ತೀವ್ರ. ನಿಮ್ಮದು ಮಧ್ಯಮ. ಇವತ್ತಿನ ದಿನಗಳಲ್ಲಿ ಕುತ್ತಿಗೆ ನೋವು ನಿಮ್ಮ ಯಾವ ಯಾವ ಕೆಲಸಕ್ಕೆ ಅಡ್ಡ ಬರುತ್ತಿದೆ ಅನ್ನುವುದಕ್ಕೆ ಹಾಕಿದ ಅಂಕ ಅದು, ಅಷ್ಟೇ. ಆರು ವಾರ ಬಿಟ್ಟು ಮತ್ತೆ ತುಂಬಿಸಿ, ಇಳಿದಿದೆಯಾ ನೋಡುವುದಕ್ಕೆ ಅದನ್ನು ಇಟ್ಟುಕೊಳ್ಳುತ್ತೇವೆ. ಸರ್ಕಾರದ 40%ಗೂ ಇದಕ್ಕೂ ಸಂಬಂಧವಿಲ್ಲ.

ಎಂಆರ್‌ಐ ಓದಿ ಮನೆಯವರು ಹೆದರಿದ್ದು ಸಹಜ. ಆದರೆ ಕುತ್ತಿಗೆಯಲ್ಲಿ ಏನೂ ತೊಂದರೆ ಇಲ್ಲದ 1,211 ಜನರಿಗೆ ಜಪಾನಿನಲ್ಲಿ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದ್ದರು. ಅವರಲ್ಲಿ 87.6% ಜನರ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹಳ ಮಂದಿಗೆ ಇತ್ತು. ನಿಮ್ಮ ವರದಿಯಲ್ಲಿ ಎಡ ನರಕ್ಕೆ ತಾಗುತ್ತಿದೆ ಅನ್ನುವ ಒಂದು ಸಾಲು ನಿಮ್ಮ ಬೆರಳಿಗೆ ಹೊಂದುತ್ತದೆ. ಸವೆತ, ಬಾಗು ಕಡಿಮೆ ಅನ್ನುವುದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೀಗೆ ನರಕ್ಕೆ ತಾಗಿದವರಲ್ಲಿ ಹೆಚ್ಚಿನವರು ಕೆಲವು ವಾರ, ಕೆಲವು ತಿಂಗಳಲ್ಲಿ ಆಪರೇಷನ್ ಇಲ್ಲದೆ ಸುಧಾರಿಸುತ್ತಾರೆ. ಪಟ್ಟಿಯನ್ನು ಇಡೀ ದಿನ ವಾರಗಟ್ಟಲೆ ಹಾಕಬಾರದಿತ್ತು, ತಲೆ ಹೊರುವ ಸ್ನಾಯುಗಳು ಕೆಲಸ ಬಿಟ್ಟು ಸೊರಗುತ್ತವೆ. ಕಪಾಟಿನಲ್ಲಿಡಿ.

ಈಗ ನನಗೆ ಬೇಕಾದ ಎರಡು ವಿಷಯ ನೀವು ಬರೆದಿಲ್ಲ. ನೀವು ನೋಡಿಕೊಂಡು ಟೈಪ್ ಮಾಡುವ ಹಸ್ತಪ್ರತಿ ಎಲ್ಲಿರುತ್ತದೆ? ಕನ್ನಡಕ ಇದೆಯಾ, ಇದ್ದರೆ ಎಂಥದ್ದು? ಸಾಧ್ಯವಾದರೆ ನೀವು ಕೆಲಸ ಮಾಡುವಾಗ ಪಕ್ಕದಿಂದ ಒಂದು ಫೋಟೋ ತೆಗೆಸಿ ನೀವೇ ನೋಡಿ.

ತೀರ್ಥಹಳ್ಳಿ_ಬೆಂಗಳೂರು

ಅಕ್ಕಾ, ನಾನು ಸಾಫ್ಟ್‌ವೇರ್. 2020ರ ಲಾಕ್‌ಡೌನಿನಲ್ಲಿ ಮಂಚದ ಮೇಲೆ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಒಂದು ವರ್ಷ ಕೆಲಸ ಮಾಡಿದೆ. ನಿಮಗಾದದ್ದೇ ಆಯಿತು, ನನಗೆ ಬಲಗಡೆ. ವರದಿಯಲ್ಲಿ ಡಿಸ್ಕ್ ಬಗ್ಗೆ ಇದ್ದ ಮಾತು ಓದಿ ನಾನು ಐದು ತಿಂಗಳು ನನ್ನ ಮಗುವನ್ನು ಎತ್ತಿಕೊಳ್ಳಲಿಲ್ಲ. ಎತ್ತಿದರೆ ಏನೋ ಹರಿದುಹೋಗುತ್ತದೆ ಅನ್ನುವ ಭಯ. ಅವಳು ಕೈ ಚಾಚಿಕೊಂಡು ಬಂದರೆ ಹೆಂಡತಿಯನ್ನು ಕರೆಯುತ್ತಿದ್ದೆ. ಆಮೇಲೆ ಎರಡನೆಯ ಡಾಕ್ಟರು ನನ್ನ ಕೈಯ ಬಲ ಪರೀಕ್ಷಿಸಿ, ಎತ್ತಿ, ಏನೂ ಆಗುವುದಿಲ್ಲ ಅಂದರು. ಅವತ್ತು ಮನೆಗೆ ಹೋಗಿ ಮೊದಲು ಮಾಡಿದ್ದು ಅದೇ. ಆ ಐದು ತಿಂಗಳು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ. ನಿಮ್ಮ ಮಗಳಿಗೆ ಜಡೆ ಹಾಕುವುದನ್ನು ಬಿಡಬೇಡಿ, ನಡುವೆ ಕೈ ಇಳಿಸಿ ಹಾಕಿ.

ಇನ್ನೊಂದು. ಯಾರಾದರೂ ಕುತ್ತಿಗೆ ಹಿಡಿದು ಒಮ್ಮೆಲೇ ತಿರುವಿ ನೆಟಿಗೆ ಮುರಿಯುತ್ತೇನೆ ಅಂದರೆ ದಯವಿಟ್ಟು ಒಪ್ಪಬೇಡಿ. ಸಲೂನಿನಲ್ಲಿ ನನಗೆ ಮಾಡಿದರು, ಎರಡು ದಿನ ತಲೆ ಸುತ್ತಿತು. ಮಿದುಳಿಗೆ ಹೋಗುವ ರಕ್ತನಾಳ ಕುತ್ತಿಗೆ ಮೂಳೆಯ ಒಳಗಿಂದಲೇ ಹೋಗುತ್ತದೆ, ಅದರ ಒಳಪದರ ಹರಿಯುವ ಅಪಾಯ ಇದೆ ಅಂತ ಆಮೇಲೆ ತಿಳಿಯಿತು.

ಅಕ್ಷರ_ಗದಗ

ಫಿಸಿಯೋ ಸರ್, ನೀವು ಕೇಳಿದ ಅಪಾಯದ ಲಕ್ಷಣ ಯಾವುದೂ ಇಲ್ಲ. ತೀರ್ಥಹಳ್ಳಿ ತಮ್ಮ, ನೀವು ಬರೆದದ್ದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವತ್ತಿನಿಂದ ಅವರು ನೀರಿನ ಕೊಡ ನನ್ನ ಕೈಯಿಂದ ಕಸಿದುಕೊಳ್ಳುವುದು ಸ್ವಲ್ಪ ಕಡಿಮೆಯಾಗಿದೆ.

ನಿನ್ನೆ ಮಗಳನ್ನು ಪ್ರೆಸ್ಸಿಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದೆ. ನೋಡಿ ನನಗೇ ಗಾಬರಿಯಾಯಿತು. ಹಸ್ತಪ್ರತಿ ನನ್ನ ಎಡಕ್ಕೆ ಮೇಜಿನ ಮೇಲೆ ಅಂಗಾತ ಬಿದ್ದಿರುತ್ತದೆ, ಗಾಳಿಗೆ ಹಾರದಂತೆ ಮೇಲೆ ಒಂದು ಹಳೆಯ ಅಚ್ಚುಮೊಳೆಯ ತುಂಡು. ಅದನ್ನು ಓದುವಾಗ ಗೋಣು ಪೂರ್ತಿ ಕೆಳಗೆ, ಎಡಕ್ಕೆ. ಮಾಸ್ತರರು ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿರುತ್ತಾರೆ, ಇನ್ನೂ ಬಗ್ಗುತ್ತೇನೆ. ಪರದೆ ಸಿಪಿಯು ಡಬ್ಬದ ಮೇಲಿದೆ, ನಾನು ಸೇರಿದಾಗಿನಿಂದ ಅಲ್ಲೇ ಇದೆ. ಕನ್ನಡಕ ಎರಡು ಭಾಗದ್ದು, ಕೆಳಗಿನ ತುಂಡಿನಲ್ಲಿ ಓದುವ ಪವರ್. ಎರಡು ವರ್ಷದ ಹಿಂದೆ ಮಾಡಿಸಿದ್ದು. ಪರದೆಯ ಅಕ್ಷರ ಕಾಣಬೇಕಾದರೆ ಆ ಕೆಳಗಿನ ತುಂಡಿನಿಂದಲೇ ನೋಡಬೇಕು, ಹಾಗಾಗಿ ಗದ್ದ ಮೇಲೆತ್ತಿ, ಬಾಯಿ ಸ್ವಲ್ಪ ತೆರೆದು, ತಲೆ ಹಿಂದಕ್ಕೆ ಹಾಕಿ ಕೂತಿದ್ದೇನೆ. ಮಗಳು "ಅವ್ವಾ, ನೀ ಗೋಡಿ ಮ್ಯಾಲಿನ ಪಟ ನೋಡಿದಂಗ ನೋಡ್ತಿ" ಅಂದಳು.

ನೋವು ಶುರುವಾಗಿದ್ದೂ ಎರಡು ವರ್ಷದ ಹಿಂದೆ. ಈ ಎರಡನ್ನು ನಾನು ಯಾವತ್ತೂ ಜೋಡಿಸಿ ನೋಡಿರಲಿಲ್ಲ.

ಫಿಸಿಯೋ_ದಾವಣಗೆರೆ

ಅಕ್ಕ, ನಾನು ಹುಡುಕುತ್ತಿದ್ದದ್ದು ಸಿಕ್ಕಿತು. ತಲೆಯನ್ನು ಹಿಂದಕ್ಕೆ ಹಾಕಿ ಒಂದು ಪಕ್ಕಕ್ಕೆ ವಾಲಿಸಿದರೆ ಆ ಪಕ್ಕದ ನರದ ಕಿಂಡಿ ಕಿರಿದಾಗುತ್ತದೆ. ನರ ಒತ್ತಿಕೊಂಡಿದೆಯಾ ಅಂತ ನೋಡಲು ನಾವು ಮಾಡುವ ಪರೀಕ್ಷೆಯೂ ಹೆಚ್ಚುಕಡಿಮೆ ಅದೇ. ನೀವು ದಿನವಿಡೀ ಗದ್ದ ಎತ್ತುವುದು, ಎಡಕ್ಕೆ ಬಗ್ಗುವುದು, ಮತ್ತೆ ಗದ್ದ ಎತ್ತುವುದು, ಒಂದು ಸಾಲಿಗೆ ಎರಡು ಸಲದಂತೆ ಮಾಡುತ್ತಿದ್ದೀರಿ.

ಕಣ್ಣಿನವರ ಹತ್ತಿರ ಹೋಗಿ ಕಂಪ್ಯೂಟರ್ ದೂರಕ್ಕೆ ಮಾತ್ರ ಒಂದು ಬೇರೆ ಕನ್ನಡಕ ಕೇಳಿ, ಇಡೀ ಗಾಜಿಗೆ ಒಂದೇ ಪವರ್. ಹೋಗುವ ಮೊದಲು ಕಣ್ಣಿನಿಂದ ಪರದೆಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದುಕೊಂಡು ಹೋಗಿ, ಆ ಅಳತೆ ಹೇಳದೆ ಹೋದರೆ ಮತ್ತೆ ಪುಸ್ತಕ ಓದುವ ಪವರನ್ನೇ ಕೊಡುತ್ತಾರೆ. ಪರದೆಯನ್ನು ಡಬ್ಬದಿಂದ ಇಳಿಸಿ. ಹೊಸ ಕನ್ನಡಕ ಬಂದ ಮೇಲೆ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಲಿ. ಅಕ್ಷರವನ್ನು ಪರದೆಯಲ್ಲಿ 150%ಗೆ ಹಿಗ್ಗಿಸಿಕೊಂಡು ಟೈಪ್ ಮಾಡಿ, ಪುಟ ಕಟ್ಟುವಾಗ ಬೇಕಾದರೆ ಕುಗ್ಗಿಸಿ. ಹಸ್ತಪ್ರತಿಗೆ ಒರಗಿಸುವ ಸ್ಟ್ಯಾಂಡ್ ಬೇಕೇ ಬೇಕು.

ವ್ಯಾಯಾಮವನ್ನು ನಿಮ್ಮ ಫಿಸಿಯೋ ಎದುರಿನಲ್ಲಿಯೇ ಕಲಿಯಿರಿ. ಗದ್ದವನ್ನು ನೇರ ಹಿಂದಕ್ಕೆ ಜಾರಿಸಿ ಐದು ಎಣಿಸುವುದು, ಹೆಗಲ ಹಲಗೆಗಳನ್ನು ಹಿಂದೆ ಕೂಡಿಸುವುದು ಮೊದಲು. ಕೈಗೆ ಇಳಿಯುವ ಜುಂ ಕಡಿಮೆಯಾದ ಮೇಲೆ ರಬ್ಬರ್ ಪಟ್ಟಿ ಹಿಡಿದು ಎರಡೂ ಕೈಗಳನ್ನು ಪಕ್ಕದಿಂದ ಹೆಗಲ ಮಟ್ಟಕ್ಕೆ ಎತ್ತುವುದು. ಡೆನ್ಮಾರ್ಕಿನಲ್ಲಿ ಕುತ್ತಿಗೆ, ಹೆಗಲು ನೋವಿದ್ದ 198 ಕಚೇರಿ ನೌಕರರ ಮೇಲೆ ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಹತ್ತು ವಾರ, ವಾರಕ್ಕೆ ಐದು ದಿನ. ದಿನಕ್ಕೆ ಬರೀ 2 ನಿಮಿಷ ಮಾಡಿದವರಿಗೂ ನೋವು ಇಳಿದಿತ್ತು, 12 ನಿಮಿಷ ಮಾಡಿದವರಿಗೂ ಇಳಿದಿತ್ತು. ಹೊತ್ತಿಲ್ಲ ಅಂತ ಬಿಡುವವರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ. ಅವರಿಗೆ ಇದ್ದದ್ದು ಬರೀ ಸ್ನಾಯು ನೋವು, ನಿಮಗೆ ನರವೂ ಇದೆ, ಅದಕ್ಕೇ ನಿಧಾನ ಅಂದದ್ದು.

ಪುಟದ ಲೆಕ್ಕದ ಕೂಲಿ ಇದ್ದವರಿಗೆ ಅರ್ಧ ಗಂಟೆಗೊಮ್ಮೆ ಏಳಿ ಅಂದರೆ ಏಳುವುದಿಲ್ಲ ಅಂತ ನನಗೆ ಗೊತ್ತು. ನೀವು ಗಡಿಯಾರ ನೋಡಬೇಡಿ. ಒಂದು ಪುಟ ಮುಗಿಸಿ ಸೇವ್ ಮಾಡಿದಾಗ ಎದ್ದು ನಿಲ್ಲಿ, ಕೈ ಮೇಲೆತ್ತಿ ಇಳಿಸಿ, ಕೂಡಿ. ಅರ್ಧ ನಿಮಿಷ ಸಾಕು.

ಹಳೇ_ಕಂಪೋಸಿಟರ್_ಮೈಸೂರು

ತಾಯಿ, ನಿಮ್ಮ ಎಡಕ್ಕೆ ಅಂಗಾತ ಬಿದ್ದಿರುವ ಹಸ್ತಪ್ರತಿಯ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನು 1974ರಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು, ಆಗ ನನಗೆ ಹದಿನಾರು. ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ಜೋಡಿಸಿಕೊಳ್ಳುವ ಸ್ಟಿಕ್ಕು, ಬಲಗೈಯಲ್ಲಿ ಒಂದೊಂದೇ ಮೊಳೆ ಹೆಕ್ಕುವುದು, ಇಡೀ ದಿನ ನಿಂತೇ. ಆ ಕಾಲ ಸುಖದ್ದು ಅಂತ ಹೇಳುವುದಿಲ್ಲ, ನಮ್ಮ ಕಾಲು ಬಾತುಕೊಳ್ಳುತ್ತಿತ್ತು, ಸೀಸದ ಧೂಳು ಬೇರೆ. ಆದರೆ ಹಸ್ತಪ್ರತಿ ಮಾತ್ರ ಕೇಸಿನ (ಮೊಳೆ ತುಂಬಿದ ಖಾನೆಗಳ ಪೆಟ್ಟಿಗೆ) ಮೇಲೆ, ಕಣ್ಣಿನ ಎದುರಿಗೇ ಇರುತ್ತಿತ್ತು. ಸೀಳಿದ ಬಿದಿರಿನ ಕಡ್ಡಿಯಲ್ಲಿ ಹಾಳೆ ಸಿಕ್ಕಿಸಿ ನಿಲ್ಲಿಸುತ್ತಿದ್ದೆವು. ಕುತ್ತಿಗೆ ತಿರುಗಿಸುವ ಪ್ರಮೇಯವೇ ಇರಲಿಲ್ಲ, ಕಣ್ಣು ಮಾತ್ರ ಮೇಲೆ ಕೆಳಗೆ ಹೋಗುತ್ತಿತ್ತು. ಕಂಪ್ಯೂಟರ್ ಬಂದಾಗ ಮೊಳೆ, ಕೇಸು, ಸ್ಟಿಕ್ಕು ಎಲ್ಲ ತೆಗೆದು ಹಾಕಿದರು, ಅದರ ಜೊತೆ ಆ ಬಿದಿರು ಕಡ್ಡಿಯೂ ಹೋಯಿತು. ಹಸ್ತಪ್ರತಿ ಎಲ್ಲಿಡಬೇಕು ಅಂತ ಯಾರೂ ಯೋಚಿಸಲೇ ಇಲ್ಲ. ನನಗೆ ಇದು ತುಂಬಾ ನೋವಿನ ಸಂಗತಿ.

ಪೇಟೆಯಲ್ಲಿ ಸ್ಟ್ಯಾಂಡು ಹುಡುಕಬೇಡಿ. ಪಾರಾಯಣಕ್ಕೆ ಬಳಸುವ ಮರದ ವ್ಯಾಸಪೀಠ ನಿಮ್ಮೂರಿನ ಮಠದ ಮುಂದಿನ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಕೀಲಿಮಣೆಗೂ ಪರದೆಗೂ ನಡುವೆ, ನಟ್ಟನಡುವೆ ಇಡಿ, ಪಕ್ಕಕ್ಕೆ ಬೇಡ. ಬರೀ ವ್ಯಾಸಪೀಠ ತಗ್ಗಾಗುತ್ತದೆ, ಕೆಳಗೆ ಎರಡು ದಪ್ಪ ಪುಸ್ತಕ ಕೊಡಿ. ಮೇಲೆ ಒಂದು ರಟ್ಟು ಒರಗಿಸಿ ಹಾಳೆಯನ್ನು ಕ್ಲಿಪ್ ಹಾಕಿ. ಸಾಲು ತಪ್ಪದಂತೆ ಒಂದು ಅಡಿಪಟ್ಟಿಯನ್ನು ಅಡ್ಡ ಇಟ್ಟು, ಓದುತ್ತಾ ಕೆಳಗೆ ಸರಿಸಿ. ಪೆನ್ಸಿಲಿನಲ್ಲಿ ಬರೆದು ಕೊಡುವ ಮಾಸ್ತರರಿಗೆ ಇಂಕಿನಲ್ಲಿ ಬರೆದು ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ. ನಾವು ಕೇಳುತ್ತಿದ್ದೆವು, ದೊಡ್ಡ ದೊಡ್ಡ ವಿದ್ವಾಂಸರನ್ನೂ ಕೇಳಿದ್ದೇವೆ, ಯಾರೂ ಬೇಜಾರು ಮಾಡಿಕೊಂಡಿದ್ದಿಲ್ಲ.

ನಾಡಕಚೇರಿ_ಹಾವೇರಿ

ಅಕ್ಕಾರ, ಪ್ರಮಾಣಪತ್ರದ ವಿಚಾರ ನಾನು ಹೇಳುತ್ತೇನೆ. ನಾನೂ ಇಡೀ ದಿನ ಕಂಪ್ಯೂಟರ್ ಮುಂದೆಯೇ ಇರುವವಳು, ನನ್ನ ತಮ್ಮನಿಗೆ ಪೋಲಿಯೋ, ಅವನ ಕಾರ್ಡಿಗಾಗಿ ನಾನೇ ಓಡಾಡಿದ್ದೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಪಟ್ಟಿ ಮಾಡಿದ್ದಾರೆ. ಮೀಸಲಾತಿಯಂಥ ಸೌಲಭ್ಯಕ್ಕೆ ಅದರಲ್ಲಿ ಒಂದು 40%ಕ್ಕೆ ಕಡಿಮೆ ಇಲ್ಲದಷ್ಟು ಇರಬೇಕು. ಆ ಶೇಕಡಾವನ್ನು ಸರ್ಕಾರ ಗೊತ್ತುಮಾಡಿದ ವೈದ್ಯಾಧಿಕಾರಿಗಳೇ ಪರೀಕ್ಷೆ ಮಾಡಿ ಹಾಕುತ್ತಾರೆ. ಅರ್ಜಿಯನ್ನು ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡಿನ) ಪೋರ್ಟಲಿನಲ್ಲಿ ಹಾಕಬೇಕು. ಅವರು ನೋಡುವುದು ಚಿಕಿತ್ಸೆ ಎಲ್ಲ ಆದ ಮೇಲೂ ಕೈಕಾಲಿನ ಬಲ, ಚಲನೆಯಲ್ಲಿ ಉಳಿದುಹೋಗುವ ಕೊರತೆ. ಫಿಸಿಯೋ ಫಾರ್ಮು ಅಲ್ಲಿ ನಡೆಯುವುದಿಲ್ಲ. ನಿಮ್ಮ ಚಿಕಿತ್ಸೆ ಈಗ ಶುರುವಾಗಿದೆ, ಈಗಲೇ ಹೋದರೆ ವಾಪಸ್ ಕಳಿಸುತ್ತಾರೆ, ಓಡಾಟದ ದುಡ್ಡು ಹಾಳು. ದೇವರು ಹಾಗೆ ಮಾಡದಿರಲಿ, ಮುಂದೆ ಕೈ ಬಲ ನಿಜವಾಗಿ ಉಳಿಯದೇ ಹೋದರೆ ಆಗ ಅರ್ಜಿ ಹಾಕಲು ನಿಮಗೆ ಪೂರ್ತಿ ಹಕ್ಕಿದೆ, ಸಂಕೋಚ ಬೇಡ. ಎಲ್ಲ ಕಾಗದ, ಎಂಆರ್‌ಐ ಸೇರಿ, ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಇಟ್ಟುಕೊಳ್ಳಿ.

ನಿಮ್ಮ ಪ್ರೆಸ್ಸಿನಲ್ಲಿ ಹತ್ತು ಜನ ಇದ್ದು ಸಂಬಳ ತಿಂಗಳಿಗೆ 21,000ದ ಒಳಗಿದ್ದರೆ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಬಗ್ಗೆಯೂ ಕೇಳಿ.

ಅಕ್ಷರ_ಗದಗ

ಆರು ವಾರದ ಮೇಲೆ ಬರೆಯುತ್ತಿದ್ದೇನೆ. ನಡುವೆ ಉತ್ತರ ಕೊಡಲಿಲ್ಲ ಅಂತ ಯಾರೂ ತಪ್ಪು ತಿಳಿಯಬೇಡಿ, ಮನೆಗೆ ಹೋದ ಮೇಲೆ ಪರದೆ ನೋಡಬಾರದು ಅಂತ ನಾನೇ ಹಾಕಿಕೊಂಡ ಕಟ್ಟು.

ನಾಡಕಚೇರಿ ಅಕ್ಕಾರ, ನಮ್ಮಲ್ಲಿ ನಾಲ್ಕೇ ಜನ, ಇಎಸ್‌ಐ ಇಲ್ಲ. ನೀವು ಬರೆದದ್ದನ್ನು ಭಾವನವರಿಗೆ ತೋರಿಸಿದೆ, ಅವರು ಆ ಮಾತು ಬಿಟ್ಟರು.

ಮೈಸೂರಿನ ಅಜ್ಜಾರ ಮಾತಿನಂತೆ ವ್ಯಾಸಪೀಠ ತಂದೆ, 350 ರೂಪಾಯಿ. ಪ್ರೆಸ್ಸಿಗೆ ಒಯ್ದು ಮೇಜಿನ ಮೇಲೆ ಇಟ್ಟಾಗ ಕರಡಿನ ಮಾಸ್ತರರು ಚಪ್ಪಲಿ ಬಿಟ್ಟು ಒಳಗೆ ಬಂದರು, ಏನೋ ಪಾರಾಯಣ ಇಟ್ಟಿದ್ದೇವೆ ಅಂದುಕೊಂಡು. ವಿಷಯ ಹೇಳಿದ ಮೇಲೆ ಅವರೇ ಕೂತು ಒಂದು ಪುಟ ಓದಿ ನೋಡಿದರು. ಆಮೇಲೆ ಪೆನ್ಸಿಲಿನಲ್ಲಿ ಬಂದ ಪ್ರತಿಯನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಪರದೆ ಕೆಳಗಿಳಿಯಿತು, ಅದು ಕೂತಿದ್ದ ಸಿಪಿಯು ಡಬ್ಬ ಈಗ ಮೇಜಿನ ಕೆಳಗಿದೆ. ಕನ್ನಡಕಕ್ಕೆ 900 ಆಯಿತು. ಟೇಪಿನಿಂದ ಅಳೆದಾಗ 58 ಸೆಂಟಿಮೀಟರ್ ಬಂದಿತ್ತು, ಚೀಟಿಯಲ್ಲಿ ಬರೆದು ಒಯ್ದಿದ್ದೆ. ಅಂಗಡಿಯವರು ಮೊದಲು ಓದುವ ಕನ್ನಡಕವನ್ನೇ ಕೊಡಲು ಹೊರಟಿದ್ದರು, ಚೀಟಿ ತೋರಿಸಿದ ಮೇಲೆ ಬದಲಾಯಿಸಿದರು.

ಮೊದಲ ಹತ್ತು ದಿನ ಏನೂ ಗುಣ ಕಾಣಲಿಲ್ಲ. ಮೂರನೆಯ ವಾರಕ್ಕೆ ಒಂದು ಬೆಳಗ್ಗೆ ಎದ್ದಾಗ ಎಡಗೈ ತಲೆಯ ಮೇಲಿರದೆ ಮಗ್ಗುಲಲ್ಲಿತ್ತು, ರಾತ್ರಿ ಯಾವಾಗ ಇಳಿಸಿದ್ದೆನೋ ಗೊತ್ತಿಲ್ಲ. ಅತ್ತೆಗೆ ಹೇಳಿದೆ, ಅವರು ಹೋಗಿ ದೇವರಿಗೆ ಎಣ್ಣೆ ಹಾಕಿ ಬಂದರು. ಮೊನ್ನೆ ಫಿಸಿಯೋ ಹುಡುಗಿ ಅದೇ ಫಾರ್ಮು ಮತ್ತೆ ತುಂಬಿದಳು. 10/45 ಬಂತು, 22%. ನಿದ್ದೆಯ ಪ್ರಶ್ನೆ 3ರಿಂದ 1ಕ್ಕೆ ಇಳಿದಿದೆ. ಓದು, ಕೆಲಸ ಎರಡೂ 3 ಇದ್ದವು, 2ಕ್ಕೆ ನಿಂತಿವೆ. ಕೆಂಪು ರಬ್ಬರ್ ಪಟ್ಟಿ ಹೋದ ವಾರ ಶುರು ಮಾಡಿಸಿದ್ದಾಳೆ.

ಬೆರಳು ಪೂರ್ತಿ ಬಂದಿಲ್ಲ. ಬೆಳಗ್ಗೆ ಎಫ್ ಮೇಲಿನ ಗೆರೆ ತಾಗುತ್ತದೆ, ಮಧ್ಯಾಹ್ನ ನಾಲ್ಕರ ಮೇಲೆ ಮತ್ತೆ ಮಂದವಾಗುತ್ತದೆ. ಹಾಗಾಗಿ ಒತ್ತಕ್ಷರ ಹೆಚ್ಚಿರುವ ಹಳೆಗನ್ನಡದ ಕೆಲಸ ಇದ್ದರೆ ಬೆಳಗ್ಗೆ ಮುಗಿಸುತ್ತೇನೆ, ಸಂಜೆ ಲಗ್ನಪತ್ರಿಕೆ. ಹೋದ ಪುಸ್ತಕದಲ್ಲಿ ಪುಟಕ್ಕೆ ಎರಡು ಮೂರು ಕೆಂಪು ಗುರುತು ಮಾತ್ರ ಬಂದವು. ಆ ಹಾಳೆಗಳನ್ನೂ, ದೀಪಾವಳಿ ಮುಂದಿನ ಹಾಳೆಗಳನ್ನೂ ಎರಡೂ ಒಯ್ದು ಮಾಲಕರ ಮುಂದಿಟ್ಟೆ. ಅವರು ಸುಮಾರು ಹೊತ್ತು ನೋಡಿದರು. ಬೇರೆ ಹುಡುಗಿಯ ಮಾತು ಮತ್ತೆ ಬಂದಿಲ್ಲ. ಕೂಲಿಯ ದರ ಹಾಗೇ ಇದೆ, ಅದನ್ನು ಈ ಯುಗಾದಿಗೆ ಕೇಳುತ್ತೇನೆ. ಪುಟಕ್ಕೊಮ್ಮೆ ಏಳುವುದರಿಂದ ದಿನಕ್ಕೆ ಒಂದು ಪುಟವೂ ಕಡಿಮೆಯಾಗಿಲ್ಲ, ಬರೆದಿಟ್ಟಿದ್ದೇನೆ.

ಅಜ್ಜಾರ, ನಿಮಗೆ ಒಂದು ಕೇಳುವುದಿದೆ. ನನ್ನ ಪಕ್ಕದ ಮೇಜಿನಲ್ಲಿ ಹೊಸದಾಗಿ ಬಂದ ಹುಡುಗಿ ಕೂಡುತ್ತಾಳೆ, 22 ವಯಸ್ಸು. ಅವಳ ಹಸ್ತಪ್ರತಿ ಬಲಕ್ಕೆ ಅಂಗಾತ ಬಿದ್ದಿರುತ್ತದೆ, ಸಂಜೆಯಾದರೆ ಬಲ ಹೆಗಲು ಒತ್ತಿಕೊಳ್ಳುತ್ತಾಳೆ, ನನಗೆ ನೋವು ಶುರುವಾದ ಮೊದಲ ವರ್ಷದ ಹಾಗೆಯೇ. ಅವಳಿಗೆ ಬಡಿಗೇರರ ಹತ್ತಿರ ಒಂದು ಮಾಡಿಸಿ ಕೊಡಬೇಕು ಅಂತ ಇದೆ, ಪುಸ್ತಕ ಕೆಳಗೆ ಕೊಡದೆ ನೇರ ನಿಲ್ಲುವಂಥದ್ದು. ಎತ್ತರ ಎಷ್ಟಿಡಿಸಲಿ, ಒರಗು ಎಷ್ಟು ಕೊಡಿಸಲಿ? ಬಡಿಗೇರರು ಅಳತೆ ಕೊಟ್ಟರೆ ಮುಂದಿನ ಸೋಮವಾರಕ್ಕೆ ಮಾಡಿ ಕೊಡುತ್ತೇನೆ ಅಂದಿದ್ದಾರೆ.